ಫ್ರಾನ್ಸ್ ಹಳ್ಳಿಗಾಡಿನ ತೋಟಗಳು: ಟೂರ್ ಬಸ್ಸಾ, ನಾವೇ ಸುತ್ತುವುದಾ?

ಜಯನಗರದ ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಮೇ ಕೊನೆಗೆ ಅಮ್ಮ, ಚಿಕ್ಕಮ್ಮ, ನಾನು ಮೂವರೂ ಫ್ರಾನ್ಸ್‌ಗೆ ಹೋಗಬೇಕು ಅಂತಿದ್ದೇವೆ. ಪ್ಯಾರಿಸ್ ಸ್ವಲ್ಪ ನೋಡಿದರೆ ಸಾಕು. ಅಮ್ಮನಿಗೆ ಬೇಕಾಗಿರುವುದು ತೋಟ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನವನ್ನು ಜನವರಿಯಲ್ಲೂ ಆಗಸ್ಟ್‌ನಲ್ಲೂ ತಪ್ಪಿಸದವರು ಅವರು. ಗಾಜಿನ ಮನೆಯ ಹೂವಿನ ಗೋಪುರಕ್ಕಿಂತ ಹಿಂದುಗಡೆ ನರ್ಸರಿಯಲ್ಲೇ ಅವರಿಗೆ ಹೊತ್ತು ಹೋಗುತ್ತದೆ.

ಒಂದು ಟೂರ್ ಕಂಪನಿಯವರ ಪಟ್ಟಿ ಸಿಕ್ಕಿದೆ. ಹಳೆಯ ತೋಟ, ಹೊಸ ತೋಟ ಎರಡನ್ನೂ ತೋರಿಸುತ್ತಾರಂತೆ. ಎಸಿ ಬಸ್, ಇಂಗ್ಲಿಷ್ ಮಾತಾಡುವ ಗೈಡ್, ದಿನಕ್ಕೆ ಮೂರು ತೋಟ. ರೇಟು ಕೇಳಿದರೆ ತಲೆ ತಿರುಗುತ್ತದೆ. ಇಷ್ಟು ಕೊಟ್ಟು ಹೋಗಬೇಕಾ? ಅಥವಾ ಒಂದು ಊರಲ್ಲಿ ಇದ್ದುಕೊಂಡು ನಾವೇ ನೋಡಿಕೊಂಡು ಬರಬಹುದಾ? ಅಮ್ಮನಿಗೆ ಮಂಡಿ ನೋವಿದೆ, ಜಾಸ್ತಿ ಮೆಟ್ಟಿಲು ಆಗುವುದಿಲ್ಲ. ಮೂವರೂ ಸಸ್ಯಾಹಾರಿಗಳು. ಮೊಟ್ಟೆ ನಾನೊಬ್ಬಳು ತಿನ್ನುತ್ತೇನೆ.

ಲ್ವಾರ್ ದಂಡೆ

ನಾನು ಲ್ವಾರ್ ನದಿ ದಂಡೆಯ ತೂರ್ ಪಟ್ಟಣದಲ್ಲಿದ್ದೇನೆ. ಊರಿಂದ ಬಂದವರನ್ನೆಲ್ಲ ತೋಟಗಳಿಗೆ ಕರೆದುಕೊಂಡು ಹೋಗಿ ಹೋಗಿ ನಾನೇ ಅರ್ಧ ಗೈಡ್ ಆಗಿದ್ದೇನೆ.

ಮೊದಲು ಆ ದಿನಕ್ಕೆ ಮೂರು ತೋಟದ ಲೆಕ್ಕ ಬಿಡಿ. ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ಒಂದು ತೋಟದಿಂದ ಇನ್ನೊಂದಕ್ಕೆ ಒಂದು ಗಂಟೆ ಬಸ್ ಪ್ರಯಾಣ ಅಂದರೆ ಹತ್ತಿರ ಎಂದೇ ಅರ್ಥ. ಮಧ್ಯಾಹ್ನ 12ರಿಂದ 2ರವರೆಗೆ ಊಟದ ಹೊತ್ತು. ಆಗ ಸಣ್ಣ ತೋಟಗಳ ಗೇಟು ಕೂಡ ಮುಚ್ಚಿರುತ್ತದೆ. ಮೂರು ನೋಡಿದಿರಿ ಅಂದರೆ ಮೂರರಲ್ಲೂ ಅಂಗಡಿ ಮತ್ತು ಶೌಚಾಲಯ ನೋಡಿದಿರಿ ಅಂತ. ಒಂದು ದಿನಕ್ಕೆ ಒಂದು ದೊಡ್ಡದು, ಮನಸ್ಸಿದ್ದರೆ ಸಂಜೆಗೆ ಒಂದು ಚಿಕ್ಕದು. ಅಷ್ಟೇ ಸಾಕು.

ಎರಡನೆಯದು, ವಿಲಾಂದ್ರಿ ಕೋಟೆಯ ತೋಟ ಬಿಡಬೇಡಿ. ತೂರ್‌ನಿಂದ ಪಶ್ಚಿಮಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸು. ನಿಮ್ಮ ಅಮ್ಮನಂಥವರಿಗಾಗಿಯೇ ಮಾಡಿದ ಜಾಗ ಅದು, ಏಕೆಂದರೆ ಅಲ್ಲಿನ ಅಂದವೆಲ್ಲ ತರಕಾರಿಯಲ್ಲಿದೆ. ಒಂದೇ ಅಳತೆಯ ಒಂಬತ್ತು ಚೌಕಗಳು, ಒಳಗಿನ ವಿನ್ಯಾಸ ಮಾತ್ರ ಒಂದೊಂದರದ್ದೂ ಬೇರೆ. ಸುತ್ತ ಗಿಡ್ಡ ಬಾಕ್ಸ್ ಗಿಡದ (ಕತ್ತರಿಸಿ ಬೇಲಿ ಮಾಡುವ ಸಣ್ಣ ಎಲೆಯ ಗಿಡ) ಅಂಚು, ಒಳಗೆ ಬಣ್ಣ ನೋಡಿ ಜೋಡಿಸಿದ ಪಾತಿ. ಈರುಳ್ಳಿ ಜಾತಿಯ ಲೀಕ್‌ನ ನೀಲಿ ಛಾಯೆ, ಕೆಂಪು ಎಲೆಕೋಸು, ಬೀಟ್‌ರೂಟ್ ಎಲೆ, ಕ್ಯಾರೆಟ್ ಸೊಪ್ಪಿನ ಎಳೆ ಹಸಿರು. ವರ್ಷಕ್ಕೆ ಎರಡು ಸಲ ನಾಟಿ. ವಸಂತದ್ದು ಮಾರ್ಚ್‌ನಿಂದ ಜೂನ್, ಬೇಸಿಗೆಯದು ಜೂನ್‌ನಿಂದ ನವೆಂಬರ್. ಸುಮಾರು 40 ಬಗೆಯ ತರಕಾರಿ, 8 ಸಸ್ಯ ಕುಟುಂಬಕ್ಕೆ ಸೇರಿದವು. ಒಂದು ಚೌಕದಲ್ಲಿ ಈ ವರ್ಷ ಬೆಳೆದ ಕುಟುಂಬ ಮುಂದಿನ ವರ್ಷ ಅಲ್ಲೇ ಬರುವ ಹಾಗಿಲ್ಲ, ಮೂರು ವರ್ಷದ ಸರದಿ ಇದೆ. ಅಂದರೆ ಬಣ್ಣದ ಚಿತ್ರವೂ ಆಗಬೇಕು, ಮಣ್ಣೂ ಕೆಡಬಾರದು. ಈ ಎರಡು ಕಟ್ಟಳೆ ಇಟ್ಟುಕೊಂಡು ಪ್ರತಿ ವರ್ಷ ಹೊಸದಾಗಿ ಚಿತ್ರ ಬರೆಯುತ್ತಾರೆ. ತರಕಾರಿ, ಹೂವು ಸೇರಿ ವರ್ಷಕ್ಕೆ ಸುಮಾರು 1,15,000 ಸಸಿ ಬೇಕು. ಅದರಲ್ಲಿ ಅರ್ಧದಷ್ಟನ್ನು ಅಲ್ಲಿನ ಗಾಜಿನ ಮನೆಗಳಲ್ಲೇ ಎಬ್ಬಿಸುತ್ತಾರೆ. 2009ರಿಂದ ರಾಸಾಯನಿಕ ಬಿಟ್ಟಿದ್ದಾರೆ.

ಮಂಡಿ ನೋವಿದ್ದವರಿಗೆ ಒಂದು ಮಾತು. ತೋಟ ಮೂರು ಹಂತದಲ್ಲಿದೆ. ಮೇಲೆ ನೀರಿನ ಕೊಳ, ನಡುವೆ ಕೋಟೆಯ ಸಮಕ್ಕೆ ಹೂವಿನ ವಿನ್ಯಾಸಗಳು, ಕೆಳಗೆ ತರಕಾರಿ. ಮೇಲಿನ ಕೊಳದ ನೀರೇ ಕೆಳಗಿನ ಕಂದಕಕ್ಕೂ ಕಾರಂಜಿಗಳಿಗೂ ಹರಿದು ಬರುತ್ತದೆ. ತರಕಾರಿ ತೋಟದ ಒಳಗೆ ನೆಲ ಸಮತಟ್ಟು, ಕಷ್ಟವಿಲ್ಲ. ಆದರೆ ಚಿತ್ರ ಪೂರ್ತಿ ಕಣ್ಣಿಗೆ ಬರಬೇಕಾದರೆ ಒಂದು ಸಲವಾದರೂ ಮೇಲಿನಿಂದ ನೋಡಬೇಕು.

ಕತ್ತರಿ ಬೇಡ

ಎಲ್ಲರೂ ವಿಲಾಂದ್ರಿ ವಿಲಾಂದ್ರಿ ಅನ್ನುತ್ತಾರೆ. ನನಗಂತೂ ಅಲ್ಲಿ ಉಸಿರು ಕಟ್ಟಿದ ಹಾಗಾಯಿತು. ಒಂದು ಎಲೆ ಆಚೆ ಬಂದರೆ ಕತ್ತರಿ. ಗಿಡಕ್ಕೆ ಗಿಡವಾಗಿರಲು ಬಿಡುವುದೇ ಇಲ್ಲ. ರಾಜರು, ಮಂತ್ರಿಗಳು ತಮ್ಮ ದೌಲತ್ತು ತೋರಿಸಲು ಮಾಡಿಸಿದ್ದನ್ನು ನಾವು ದುಡ್ಡು ಕೊಟ್ಟು ನೋಡಬೇಕಾ?

ಝಿಲ್ ಕ್ಲೆಮಾಂ ಅವರ ತೋಟಗಳನ್ನು ನೋಡಿ. 1943ರಲ್ಲಿ ಹುಟ್ಟಿದವರು, ಇವತ್ತಿನ ಫ್ರಾನ್ಸ್‌ನ ದೊಡ್ಡ ತೋಟಗಾರರಲ್ಲಿ ಒಬ್ಬರು. ಅವರ ವಿಚಾರ ಸರಳ: ಗಿಡ ಓಡಾಡುತ್ತದೆ, ಮಾಲಿ ಅದರ ಹಿಂದೆ ಹೋಗಬೇಕು. ಎರಡು ವರ್ಷ ಬಾಳುವ ಗಿಡ ಬೀಜ ಬಿಟ್ಟು ಸಾಯುತ್ತದೆ. ಮುಂದಿನ ಸಲ ಅದು ದಾರಿಯ ಮಧ್ಯದಲ್ಲೇ ಹುಟ್ಟಿದರೆ ಗಿಡ ಕೀಳಬೇಡ, ದಾರಿಯನ್ನು ಪಕ್ಕಕ್ಕೆ ಸರಿಸು. ಈ ಪ್ರಯೋಗವನ್ನು ಅವರು ಮೊದಲು ಮಾಡಿದ್ದು ಕ್ರೂಸ್ ಎಂಬ ಜಿಲ್ಲೆಯಲ್ಲಿ, 1977ರಲ್ಲಿ ಕೊಂಡ ಸ್ವಂತ ಜಮೀನಿನಲ್ಲಿ. ಅದು ಅವರ ಮನೆ, ಸುಮ್ನೆ ಹೋಗಿ ಬಾಗಿಲು ತಟ್ಟುವ ಹಾಗಿಲ್ಲ. ಆದರೆ ಉತ್ತರದಲ್ಲಿ ವಾಲ್ವಾರ್ ಎಂಬ ಹಳೆಯ ಮಠದ ಪಕ್ಕದಲ್ಲಿ ಅವರು 1980ರ ದಶಕದ ಕೊನೆಗೆ ಮಾಡಿದ ತೋಟ ಎಲ್ಲರಿಗೂ ತೆರೆದಿದೆ. ದಕ್ಷಿಣದಲ್ಲಿ ಸಮುದ್ರದ ದಂಡೆಗೆ ಅವರದೇ ರಯೋಲ್ ತೋಟ ಇದೆ. ಕ್ಯಾಲಿಫೋರ್ನಿಯಾ, ಚಿಲಿ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ ಹೀಗೆ ಒಂದೇ ತರಹದ ಹವೆ ಇರುವ ನಾಡುಗಳ ಗಿಡಗಳು ಅಲ್ಲಿ ಪಕ್ಕಪಕ್ಕದಲ್ಲಿವೆ.

ಶಿರಸಿ ಕಡೆಯವ

ನಾನು ಫ್ರಾನ್ಸ್‌ಗೆ ಹೋದವನಲ್ಲ. ಆದರೂ ಒಂದು ಪ್ರಶ್ನೆ. ಇಷ್ಟೆಲ್ಲ ಕತ್ತರಿಸುವವರು ಯಾರು? ನಮ್ಮಲ್ಲಿ ಅಡಿಕೆ ಕೊನೆ ಕೊಯ್ಯಲು ಒಬ್ಬ ಆಳು ಸಿಗುವುದಿಲ್ಲ. ಅಲ್ಲಿ ಕೂಲಿ ಇನ್ನೂ ಜಾಸ್ತಿ ಅಲ್ವಾ? ಮಷಿನ್ ಹೊಡೆಯುತ್ತಾರಾ?

ಲ್ವಾರ್ ದಂಡೆ

ಒಳ್ಳೆಯ ಪ್ರಶ್ನೆ ಸರ್. ಯಾವ ತೋಟಕ್ಕೆ ಹೋದರೂ ಮೊದಲು ಕೇಳಬೇಕಾದದ್ದು ಇದೇ.

ವಿಲಾಂದ್ರಿಯಲ್ಲಿ ಹತ್ತು ಮಂದಿ ಮಾಲಿಗಳಿದ್ದಾರೆ ಅಷ್ಟೇ. ಸಾವಿರಕ್ಕೂ ಹೆಚ್ಚು ಲಿಂಡೆನ್ ಮರಗಳಿವೆ. ಅವುಗಳ ಕೊಂಬೆ ಸವರುವುದರಲ್ಲೇ ಅವರ ಚಳಿಗಾಲ ಕಳೆದುಹೋಗುತ್ತದೆ. ನೀವು ಹೂವು ನೋಡಲು ಮೇ ತಿಂಗಳಲ್ಲಿ ಬರುತ್ತೀರಿ, ಕೆಲಸ ನಡೆದಿರುವುದು ಜನವರಿಯಲ್ಲಿ.

ಕೈಯಲ್ಲೇ ಕತ್ತರಿಸುವ ಜಾಗಗಳು ದೋರ್ದೋನ್ ಕಡೆ ಇವೆ. ಅದು ತೂರ್‌ನಿಂದ ಇನ್ನೂ ದಕ್ಷಿಣಕ್ಕೆ. ಎರಿನ್ಯಾಕ್ ಎಂಬಲ್ಲಿ ನೂರು ಮೀಟರ್ ಉದ್ದದ ಹಾರ್ನ್‌ಬೀಮ್ ಗಿಡಗಳ ಸಾಲಿದೆ. ದಾರ ಕಟ್ಟಿ, ತೂಕದ ಗುಂಡು ಇಳಿಬಿಟ್ಟು, ಗಾರೆಯವರು ಗೋಡೆ ನೇರ ನೋಡುವ ಹಾಗೆ ನೋಡಿ ಕೈಕತ್ತರಿಯಲ್ಲೇ ಕತ್ತರಿಸುತ್ತಾರೆ. ಮಾರ್ಕೆಸ್ಸಾಕ್ ಎಂಬ ತೋಟ ದೋರ್ದೋನ್ ನದಿಯಿಂದ ಸುಮಾರು 130 ಮೀಟರ್ ಎತ್ತರದ ಬಂಡೆಯ ಮೇಲಿದೆ. ಅಲ್ಲಿ 1,50,000 ಬಾಕ್ಸ್ ಗಿಡಗಳು. 1860ರ ದಶಕದಲ್ಲಿ ಝೂಲಿಯಾಂ ದ ಸೆರ್ವಾಲ್ ಎಂಬವರು ನೆಡಿಸಿದ್ದು. ನೇರ ಗೆರೆ ಹುಡುಕಿದರೂ ಸಿಗುವುದಿಲ್ಲ, ಎಲ್ಲ ಗುಂಡಗುಂಡಗೆ, ಕುರಿಮಂದೆ ಒತ್ತಿಕೊಂಡು ಮಲಗಿದ ಹಾಗೆ. ಇಳಿಜಾರು ಇರುವುದರಿಂದ ಮಲ್ಲಿಗೆಯವರ ಅಮ್ಮನಿಗೆ ಅದು ಬೇಡ ಅನಿಸುತ್ತದೆ.

ಈ ಬಾಕ್ಸ್ ಗಿಡಕ್ಕೇ ಈಗ ಕುತ್ತು ಬಂದಿದೆ. ಪೂರ್ವ ಏಷ್ಯಾದಿಂದ ಬಂದ ಒಂದು ಪತಂಗ 2007ರಲ್ಲಿ ಜರ್ಮನಿಯಲ್ಲಿ, 2008ರಲ್ಲಿ ಫ್ರಾನ್ಸ್‌ನಲ್ಲಿ ಕಾಣಿಸಿಕೊಂಡಿತು. ಅದರ ಹಸಿರು ಹುಳು ಎಲೆ ತಿಂದು ಕಡ್ಡಿ ಮಾತ್ರ ಉಳಿಸುತ್ತದೆ. ವರ್ಷಕ್ಕೆ ಎರಡು ಮೂರು ಪೀಳಿಗೆ. ಜೊತೆಗೆ ಒಂದು ಶಿಲೀಂಧ್ರ ರೋಗ. ಮೋಹಕ ವಾಸನೆಯ ಬಲೆ ಇಡುತ್ತಾರೆ, ಹುಳು ಕೊಲ್ಲುವ ಬಿಟಿ ಬ್ಯಾಕ್ಟೀರಿಯಾ ಸಿಂಪಡಿಸುತ್ತಾರೆ. ಕೆಲವು ಕಡೆ ಬಾಕ್ಸ್ ಪೂರ್ತಿ ಕಿತ್ತು ಯೂ, ಹಾಲಿ, ಯುವಾನಿಮಸ್ ಜಾತಿಯ ಗಿಡ ಹಾಕಿದ್ದಾರೆ. ಪ್ಯಾರಿಸ್ ಹತ್ತಿರದ ವೋ-ಲ-ವಿಕೋಂತ್ ಕೋಟೆಯವರು 2019ರಲ್ಲಿ ಒಂದು ವಿನ್ಯಾಸದ ಬಾಕ್ಸ್ ತೆಗೆದು ಅದೇ ಜಾಗದಲ್ಲಿ ಅಲ್ಯೂಮಿನಿಯಂ ಪಟ್ಟಿಗಳನ್ನು ಹಾಸಿದರು. ಕಲಾವಿದ ಪಾತ್ರಿಕ್ ಉರ್ಕಾದ್ ಮಾಡಿದ್ದು. ನನಗೆ ಅದು ಇಷ್ಟವಾಗಲಿಲ್ಲ. ಆದರೆ ಸತ್ತ ಗಿಡದ ಸಾಲಿಗಿಂತ ವಾಸಿ.

ನಿವೃತ್ತ ಮಾಲಿ

ತೋಟಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಗಳು ಅಲ್ಲಿದ್ದಾಗ ಹೋಗಿ ನೋಡಿ ಬಂದಿದ್ದೇನೆ. ಕತ್ತರಿ ಬೇಡ ಅವರಿಗೆ ಒಂದು ವಿಷಯ ಹೇಳಬೇಕು. ನೀವು "ರಾಜರು, ಮಂತ್ರಿಗಳು ಮಾಡಿಸಿದ್ದು" ಅಂದಿರಿ. ವಿಲಾಂದ್ರಿಯ ಕೋಟೆ 1530ರ ದಶಕದ್ದು, ನಿಜ. ರಾಜ ಒಂದನೇ ಫ್ರಾನ್ಸ್ವಾನ ಹಣಕಾಸು ಮಂತ್ರಿಗಳಲ್ಲಿ ಒಬ್ಬನಾಗಿದ್ದ ಝಾಂ ಲ ಬ್ರೆತೋಂ ಕಟ್ಟಿಸಿದ್ದು. ಆದರೆ ತೋಟ? ಆ ಕಾಲದ ತೋಟ 19ನೇ ಶತಮಾನದ ಹೊತ್ತಿಗೆ ಗುರುತೇ ಸಿಗದಂತೆ ಹೋಗಿತ್ತು. ಆ ಜಾಗದಲ್ಲಿ ಇಂಗ್ಲಿಷ್ ಶೈಲಿಯ ಪಾರ್ಕು ಬಂದಿತ್ತು.

1906ರಲ್ಲಿ ಅದನ್ನು ಕೊಂಡವರು ಝೋಆಕಿಂ ಕಾರ್ವಾಯೊ. ಸ್ಪೇನ್‌ನಲ್ಲಿ ಹುಟ್ಟಿದ ವೈದ್ಯ. ಮುಂದೆ 1913ರಲ್ಲಿ ನೊಬೆಲ್ ಪಡೆದ ಶಾರ್ಲ್ ರಿಷೆ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದವರು. ಹೆಂಡತಿ ಆನ್ ಕೋಲ್ಮನ್ ಅಮೆರಿಕದ ಶ್ರೀಮಂತ ಮನೆತನದವರು. ಅವರ ದುಡ್ಡು ಇಲ್ಲದೆ ಇದು ಆಗುತ್ತಿರಲಿಲ್ಲ. ಕಾರ್ವಾಯೊ ವಿಜ್ಞಾನ ಬಿಟ್ಟು ಇಂಗ್ಲಿಷ್ ಪಾರ್ಕನ್ನು ಅಗೆಸಿದರು. ನೆಲದಲ್ಲಿ ಸಿಕ್ಕ ಹಳೆಯ ಗೋಡೆಗಳ ಕುರುಹು, 16ನೇ ಶತಮಾನದಲ್ಲಿ ಆಂದ್ರುವೆ ದು ಸೆರ್ಸೋ ಕೆತ್ತಿದ ಕೋಟೆ-ತೋಟಗಳ ಚಿತ್ರಗಳು, ಹಳೆಯ ಮಠಗಳ ತರಕಾರಿ ತೋಟದ ಪದ್ಧತಿ, ಇಷ್ಟನ್ನು ಇಟ್ಟುಕೊಂಡು ಹೊಸದಾಗಿ ರಚಿಸಿದರು. ಅಂದರೆ ನಾವು ನೋಡುವ ಈ 'ನವೋದಯ ಕಾಲದ' (ಯೂರೋಪಿನ ರಿನೈಸಾನ್ಸ್) ತೋಟಕ್ಕೆ ವಯಸ್ಸು ನೂರು ದಾಟಿದೆ ಅಷ್ಟೇ. ನಮ್ಮ ಬೃಂದಾವನಕ್ಕಿಂತ ಸ್ವಲ್ಪ ಹಿರಿಯದು. ಕಾರ್ವಾಯೊ ಅಷ್ಟಕ್ಕೇ ನಿಲ್ಲಲಿಲ್ಲ, 1924ರಲ್ಲಿ ಖಾಸಗಿ ಕೋಟೆ ಮಾಲೀಕರನ್ನೆಲ್ಲ ಸೇರಿಸಿ ಒಂದು ಸಂಘ ಕಟ್ಟಿದರು, ಅದು ಈಗಲೂ ಇದೆ. ಹಳೆಯ ಮನೆಯನ್ನು ಟಿಕೆಟ್ ಇಟ್ಟು ಜನರಿಗೆ ತೆರೆದು ಉಳಿಸಿಕೊಳ್ಳುವ ದಾರಿ ಅಲ್ಲಿ ಹೀಗೆ ಶುರುವಾಯಿತು.

ವೋ-ಲ-ವಿಕೋಂತ್ ಕಥೆಯೂ ಅಂಥದ್ದೇ. ತೋಟದ ವಿನ್ಯಾಸಕಾರ ಆಂದ್ರೆ ಲ ನೋತ್ರ್ ವರ್ಸೈ ಅರಮನೆಯ ತೋಟಕ್ಕಿಂತ ಮೊದಲು ಕೈಹಾಕಿದ ದೊಡ್ಡ ಕೆಲಸ. 1661ರ ಆಗಸ್ಟ್ 17ರಂದು ಮಾಲೀಕ ಫೂಕೆ ಅಲ್ಲಿ ರಾಜ 14ನೇ ಲೂಯಿಗೆ ಔತಣ ಕೊಟ್ಟ. ಸೆಪ್ಟೆಂಬರ್ 5ಕ್ಕೆ ಅದೇ ರಾಜ ಅವನ ಬಂಧನ ಮಾಡಿಸಿದ. ತೋಟದಲ್ಲಿದ್ದ ಕಿತ್ತಳೆ ಗಿಡಗಳು ವರ್ಸೈಗೆ ಹೋದವು, ಲ ನೋತ್ರ್ ಕೂಡ ಹೋದ. ಮುಂದೆ ಆ ಜಾಗ ಹಾಳುಬಿತ್ತು. 1875ರಲ್ಲಿ ಆಲ್ಫ್ರೆಡ್ ಸೊಮಿಯೆ ಎಂಬ ಉದ್ಯಮಿ ಹರಾಜಿನಲ್ಲಿ ಕೊಂಡ ಮೇಲೆ ತೋಟವನ್ನು ಮತ್ತೆ ಎಬ್ಬಿಸಿದರು. ಎರಿನ್ಯಾಕ್ ಅಂತೂ ಇನ್ನೂ ಇತ್ತೀಚಿನದು. ಮನೆ ಹಳೆಯದು, ಆದರೆ ಆ ಹಸಿರು ಗೋಡೆಗಳೆಲ್ಲ 1960ರ ದಶಕದಲ್ಲಿ ಝಿಲ್ ಸೆರ್ಮಾದಿರಾಸ್ ಹಾಕಿಸಿದವು. ಝಿಲ್ ಕ್ಲೆಮಾಂ ಅವರ ಪ್ರಯೋಗಕ್ಕಿಂತ ಹತ್ತು ಹದಿನೈದು ವರ್ಷ ಹಿಂದಿನದು, ಅಷ್ಟೇ ವ್ಯತ್ಯಾಸ. ಹಾಗಾಗಿ ಆ ಟೂರ್ ಪಟ್ಟಿಯಲ್ಲಿ 'ಐತಿಹಾಸಿಕ', 'ಆಧುನಿಕ' ಅಂತ ಎರಡು ಸಾಲು ಮಾಡಿದ್ದರೆ ಅದನ್ನು ಅಷ್ಟು ನಂಬಬೇಡಿ.

ಕತ್ತರಿ ಬೇಡ

ಹಾಗಾದರೆ ಇನ್ನೂ ಕೆಟ್ಟದಾಯಿತಲ್ಲ ಸರ್! ಹಳೆಯದು ಅಂತ ಹೇಳಿ ಹೊಸದನ್ನು ತೋರಿಸುತ್ತಿದ್ದಾರೆ. ನಕಲಿ ಅಲ್ವಾ ಅದು?

ಶಿರಸಿ ಕಡೆಯವ

ನಕಲಿ ಹೇಗೆ? ನಮ್ಮ ತೋಟ ಅಜ್ಜನ ಅಜ್ಜ ಮಾಡಿದ್ದು. ಅವನು ನೆಟ್ಟ ಒಂದು ಅಡಿಕೆ ಮರವೂ ಈಗ ಇಲ್ಲ. ಬಿದ್ದಲ್ಲಿ ಸಸಿ ಇಟ್ಟುಕೊಂಡು ಬಂದಿದ್ದೇವೆ. ಉಳಿದಿರುವುದು ಬರಣ, ಕಾಲುವೆ, ಸೊಪ್ಪಿನ ಬೆಟ್ಟ. ಯಾರಾದರೂ ಕೇಳಿದರೆ ಹಳೆಯ ತೋಟ ಅಂತಲೇ ಹೇಳುತ್ತೇವೆ.

ನಿವೃತ್ತ ಮಾಲಿ

ಶಿರಸಿಯವರ ಮಾತು ಅರ್ಧ ಒಪ್ಪುತ್ತೇನೆ. ನಿಮ್ಮಲ್ಲಿ ಕೈ ತಪ್ಪಲಿಲ್ಲ, ಒಬ್ಬರಿಂದ ಒಬ್ಬರಿಗೆ ಬಂತು. ವಿಲಾಂದ್ರಿಯಲ್ಲಿ ಮಧ್ಯೆ ಕಡಿದು ಹೋಗಿ ಮತ್ತೆ ಹೆಣೆದದ್ದು. ಅದನ್ನು ನಕಲಿ ಅನ್ನಲಾರೆ, ಆದರೆ 1536ರ ತೋಟ ಅಂತಲೂ ಅನ್ನಲಾರೆ. ಒಬ್ಬ ವೈದ್ಯ 20ನೇ ಶತಮಾನದ ಶುರುವಿನಲ್ಲಿ ನವೋದಯ ಕಾಲದ ಬಗ್ಗೆ ಕಂಡ ಕನಸು ಅಂತ ನೋಡಿದರೆ ಅದರ ಸ್ವಾರಸ್ಯ ಜಾಸ್ತಿಯಾಗುತ್ತದೆ. ಒಳ್ಳೆಯ ಗೈಡ್ ಇದನ್ನು ಮುಚ್ಚಿಡುವುದಿಲ್ಲ, ಅಲ್ಲಿನ ಮಾಹಿತಿ ಪತ್ರದಲ್ಲೂ ಇದೆ.

ಅಂದಹಾಗೆ ಲಾಲ್‌ಬಾಗ್ ಮಾತು ಬಂತಲ್ಲ. ಟಿಪ್ಪು ಕಳಿಸಿದ ರಾಯಭಾರಿಗಳು 1788ರಲ್ಲಿ ವರ್ಸೈಗೆ ಹೋಗಿ 16ನೇ ಲೂಯಿಯನ್ನು ಕಂಡಿದ್ದರು. ಮುಖ್ಯ ಕೆಲಸ ಸೈನ್ಯದ ಸಹಾಯ ಕೇಳುವುದು, ಅದು ಸಿಗಲಿಲ್ಲ. ಜೊತೆಗೆ ಕುಶಲಕರ್ಮಿಗಳನ್ನೂ ಬೀಜಗಳನ್ನೂ ಕೇಳಿದ್ದರು. ಮರುವರ್ಷವೇ ಅಲ್ಲಿ ಕ್ರಾಂತಿ. ಇದನ್ನು ನಿಮ್ಮ ಅಮ್ಮನಿಗೆ ಹೇಳಿ.

ಜಯನಗರದ ಮಲ್ಲಿಗೆ

ಹೇಳಿದೆ ಸರ್, ತುಂಬ ಖುಷಿಪಟ್ಟರು. ಈಗ ಅವರ ಇನ್ನೊಂದು ಪ್ರಶ್ನೆ. ಚಿತ್ರಕಾರ ಕ್ಲೋದ್ ಮೊನೆಯ ತೋಟವಿರುವ ಜಿವೆರ್ನಿಗೆ ಹೋಗಲೇಬೇಕಂತೆ, ನೈದಿಲೆ ಕೊಳ ನೋಡಲು. ಅಲ್ಲಿ ವಿಪರೀತ ಜನ ಅಂತ ಕೇಳಿದ್ದೇನೆ. ಮೇ ಕೊನೆಗೆ ಹೂವು ಇರುತ್ತದಾ?

ನಾರ್ಮಂಡಿ ಮಳೆ

ನಾನು ಗೈಡ್ ಇರುವ ಸಣ್ಣ ಗುಂಪಿನಲ್ಲಿ ನಾರ್ಮಂಡಿ ಕಡೆಯ ತೋಟಗಳನ್ನು ನೋಡಿದ್ದೇನೆ, ಹಾಗಾಗಿ ಇದಕ್ಕೆ ಉತ್ತರ ನನ್ನದು.

ಜಿವೆರ್ನಿಯಲ್ಲಿ ಮೇ ಕೊನೆಗೆ ಐರಿಸ್ ಹೂವು ಜೋರಾಗಿರುತ್ತದೆ, ಗುಲಾಬಿ ಶುರುವಾಗಿರುತ್ತದೆ. ಸೇತುವೆ ಮೇಲಿನ ವಿಸ್ಟೀರಿಯಾ ಅಷ್ಟರಲ್ಲಿ ಮುಗಿದಿರಬಹುದು. ನೈದಿಲೆಗೆ ಮಾತ್ರ ಜುಲೈ, ಆಗಸ್ಟ್ ಸರಿಯಾದ ಕಾಲ. ಕೊಳ, ಎಲೆ, ನೀರಿನ ಮೇಲಿನ ನೆರಳು ಇರುತ್ತದೆ, ಹೂವಿನ ಆಸೆ ಇಟ್ಟುಕೊಳ್ಳಬೇಡಿ. ಪ್ಯಾರಿಸ್‌ನ ಸಾಂ-ಲಝಾರ್ ನಿಲ್ದಾಣದಿಂದ ವೆರ್ನೋಂಗೆ ರೈಲು, ಅಲ್ಲಿಂದ ಬಸ್. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹೋದ ಕೂಡಲೇ ರಸ್ತೆಯ ಕೆಳಗಿನ ಸುರಂಗ ದಾಟಿ ಕೊಳದ ಕಡೆ ಹೋಗಿಬಿಡಿ, ಮನೆ ಆಮೇಲೆ. ಟೂರ್ ಬಸ್ಸುಗಳು ಬರುವ ಮುಂಚಿನ ಅರ್ಧ ಗಂಟೆ ಮಾತ್ರ ನಿಮ್ಮದು.

ನಿವೃತ್ತ ಮಾಲಿಯವರು ಹೇಳಿದ್ದು ಇಲ್ಲಿಗೂ ಹೊಂದುತ್ತದೆ. ಮೊನೆ 1883ರಲ್ಲಿ ಬಾಡಿಗೆಗೆ ಬಂದ, 1890ರಲ್ಲಿ ಮನೆ ಕೊಂಡ. 1893ರಲ್ಲಿ ರೈಲು ಹಳಿಯ ಆಚೆಗಿನ ಜಮೀನು ಕೊಂಡು, ಹೊಳೆಯ ಕವಲಿನಿಂದ ನೀರು ತಿರುಗಿಸಿ ಕೊಳ ಮಾಡಲು ಹೊರಟ. ಊರಿನವರು ತಕರಾರು ತೆಗೆದರು, ಈ ಪರದೇಶದ ಗಿಡಗಳಿಂದ ನೀರು ವಿಷವಾಗುತ್ತದೆ ಅಂತ. ಅವನು ಸತ್ತದ್ದು 1926ರಲ್ಲಿ. ಮಗ ಮಿಶೆಲ್ 1966ರಲ್ಲಿ ತೀರಿಕೊಂಡಾಗ ಆಸ್ತಿ ಕಲಾ ಅಕಾಡೆಮಿಗೆ ಬಂತು, ಅಷ್ಟರಲ್ಲಿ ತೋಟ ಕಾಡಾಗಿತ್ತು. 1977ರಿಂದ ಝೆರಾಲ್ ವಾನ್ ಡೆರ್ ಕೆಂಪ್ ಮುಂದಾಳತ್ವದಲ್ಲಿ, ಬಹಳಷ್ಟು ಅಮೆರಿಕದ ದೇಣಿಗೆಯಿಂದ, ಮತ್ತೆ ಮಾಡಿ 1980ರಲ್ಲಿ ತೆರೆದರು.

ಆ ಬಣ್ಣದ ನೈದಿಲೆಗಳು ಬಂದದ್ದಾದರೂ ಎಲ್ಲಿಂದ? ಯೂರೋಪಿನ ಚಳಿ ತಡೆಯುವ ನೈದಿಲೆ ಮೊದಲು ಬಿಳಿಯದೇ. ನೈಋತ್ಯ ಫ್ರಾನ್ಸ್‌ನ ತಾಂಪ್ಲ್-ಸುರ್-ಲೋ ಎಂಬ ಹಳ್ಳಿಯಲ್ಲಿ ಲಾತೂರ್-ಮಾರ್ಲಿಯಾಕ್ ಎಂಬವರು ತಳಿ ಬೆರೆಸಿ ಹಳದಿ, ಗುಲಾಬಿ, ಕೆಂಪು ಬಣ್ಣ ತಂದರು. 1875ರಲ್ಲಿ ಶುರುವಾದ ನರ್ಸರಿ. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ್ನು ಇಟ್ಟಿದ್ದರು, ಮೊನೆ ತನ್ನ ಕೊಳಕ್ಕೆ ಗಿಡ ತರಿಸಿದ್ದು ಅಲ್ಲಿಂದಲೇ. ಆ ನರ್ಸರಿ ಇವತ್ತಿಗೂ ಇದೆ, ಹೋಗಿ ನೋಡಬಹುದು. ತೊಟ್ಟಿ ತೊಟ್ಟಿಯಲ್ಲಿ ನೈದಿಲೆ. ನರ್ಸರಿ ಹುಚ್ಚಿನ ಅಮ್ಮನಿಗೆ ಜಿವೆರ್ನಿಗಿಂತ ಅದೇ ಹಿಡಿಸಿದರೂ ಆಶ್ಚರ್ಯವಿಲ್ಲ, ಆದರೆ ದೂರ.

ಈಗ ಗೈಡ್ ವಿಷಯ. ಗೈಡ್ ಬೇಕಾ ಅಂತ ಕೇಳಿದಿರಲ್ಲ. ತೋಟ ನೋಡಿ ತೀರ್ಮಾನಿಸಿ. ವಿಲಾಂದ್ರಿ, ಜಿವೆರ್ನಿಗೆ ಬೇಡ, ಕಣ್ಣು ಸಾಕು. ಆದರೆ ಸಮುದ್ರದ ಹತ್ತಿರ ವಾಸ್ತರಿವಾಲ್ ಎಂಬ ತೋಟವಿದೆ. ಅಲ್ಲಿಗೆ ಮೊದಲೇ ಕಾಯ್ದಿರಿಸಿ ಗೈಡ್ ಜೊತೆಯಲ್ಲೇ ಹೋಗಬೇಕು. ನಾರ್ವೆಯಲ್ಲಿ ಹುಟ್ಟಿದ ಗ್ರೇಟಾ ಸ್ತುರ್ಜಾ 1950ರ ದಶಕದಲ್ಲಿ ಶುರುಮಾಡಿ, 2009ರಲ್ಲಿ ತೀರಿಕೊಳ್ಳುವವರೆಗೂ ತಾವೇ ಕೈಯಾರೆ ಬೆಳೆಸಿದ್ದು. ಗೈಡ್ ಇಲ್ಲದೆ ಹೋದರೆ ಒಳ್ಳೆಯ ಕಾಡು ಅನಿಸುತ್ತದೆ, ಅಷ್ಟೇ. ಅವರು ತೋರಿಸಿದ ಮೇಲೆ ಗೊತ್ತಾಗುತ್ತದೆ: ಪ್ರತಿ ಪೊದೆಯ ಒಳಗಿನ ರೆಂಬೆಗಳನ್ನು ಆರಿಸಿ ತೆಗೆದಿದ್ದಾರೆ, ಆಚೆ ಕಡೆಯ ಬೆಳಕು ಕಾಣುವ ಹಾಗೆ. ಅದರಿಂದ ಪೊದೆಯ ಕೆಳಗೆ ಇನ್ನೊಂದು ಸಾಲು ಗಿಡ, ಅದರ ಕೆಳಗೆ ಗಡ್ಡೆಗಳು ಬದುಕುತ್ತವೆ. ನೆಲದ ಮೇಲೆ ದಪ್ಪಗೆ ಎಲೆ ಮುಚ್ಚಿಗೆ, ಬರಿ ಮಣ್ಣು ಎಲ್ಲೂ ಕಾಣುವುದಿಲ್ಲ. ಶಿರಸಿಯವರಿಗೆ ಇದು ಹೊಸದಲ್ಲ ಬಿಡಿ.

ಶಿರಸಿ ಕಡೆಯವ

ದರಕು (ಒಣ ಎಲೆ) ಹೊರುವುದಕ್ಕೆ ಅಲ್ಲಿ ಟಿಕೆಟ್ ಇದೆಯಾ! ನಮ್ಮ ಮನೆಗೂ ಬನ್ನಿ ಎಲ್ಲರೂ, ಊಟ ಫ್ರೀ.

ನಾರ್ಮಂಡಿ ಮಳೆ

ಬರುತ್ತೇವೆ, ಅಪ್ಪೆಹುಳಿ ಇದ್ದರೆ.

ಕತ್ತರಿ ಬೇಡ ಅವರಿಗೂ ಮಲ್ಲಿಗೆಯವರಿಗೂ ಇಬ್ಬರಿಗೂ ಹಿಡಿಸುವ ಜಾಗ ಒಂದಿದೆ. ರೂಆಂ ಊರಿನ ಪೂರ್ವಕ್ಕೆ ಝಾರ್ದಾಂ ಪ್ಲೂಮ್. ಕಿಬೆಲ್ ದಂಪತಿ 1996ರಲ್ಲಿ ಒಂದು ಹಳೆಯ ಸೇಬಿನ ತೋಟ ಕೊಂಡು ಮಾಡಿದ್ದು. ಸೇಬಿನ ಮರಗಳ ಕೆಳಗೆ ಹುಲ್ಲನ್ನು ಚೌಕ ಚೌಕವಾಗಿ ಎತ್ತರಕ್ಕೆ ಬೆಳೆಯಲು ಬಿಟ್ಟಿದ್ದಾರೆ, ಮಧ್ಯೆ ನೇರ ದಾರಿ ಕತ್ತರಿಸಿದ್ದಾರೆ. ಚೌಕ ಲ ನೋತ್ರ್‌ನದು, ಹುಲ್ಲು ಗಾಳಿಯದು. ಆಚೆ ಪಾತಿಗಳಲ್ಲಿ ಗರಿಯಂಥ ಹುಲ್ಲುಗಳು, ಅಲೆಯ ಹಾಗೆ ಕತ್ತರಿಸಿದ ಬೇಲಿ. ಕತ್ತರಿಯೂ ಇದೆ, ಬಿಟ್ಟಿದ್ದೂ ಇದೆ. ನೆಲ ಸಮ, ಮಂಡಿಗೆ ತೊಂದರೆಯಿಲ್ಲ. ಮೇ ಕೊನೆಗಿಂತ ಸೆಪ್ಟೆಂಬರ್ ಇನ್ನೂ ಚೆಂದ, ಹೋಗಲಿ.

ವಾಸ್ತರಿವಾಲ್ ಇರುವ ಕರಾವಳಿಯ ವಾರಂಝ್‌ವೀಲ್‌ನಲ್ಲಿ ಬ್ವಾ ದೆ ಮೂತಿಯೆ ಎಂಬ ತೋಟ ಇದೆ. 1898ರಲ್ಲಿ ಗಿಯೋಮ್ ಮಾಲೆ ಎಂಬವರಿಗೆ ಮನೆ ಕಟ್ಟಿಕೊಟ್ಟ ಯುವಕ ಎಡ್ವಿನ್ ಲುಟ್ಯೆನ್ಸ್, ಮುಂದೆ ದೆಹಲಿಯ ರಾಷ್ಟ್ರಪತಿ ಭವನವನ್ನೂ ಅದರ ತೋಟವನ್ನೂ ರಚಿಸಿದವರು. ಮಾಲೆ ಮನೆಯವರು ಥಿಯೊಸಫಿಯವರು. ಅವರ ಮೂಲಕವೇ ಲುಟ್ಯೆನ್ಸ್ ಹೆಂಡತಿ ಎಮಿಲಿ ಅದಕ್ಕೆ ಸೇರಿದ್ದು, ಆಮೇಲೆ ಹುಡುಗ ಜಿಡ್ಡು ಕೃಷ್ಣಮೂರ್ತಿಗೆ ತಾಯಿಯ ಹಾಗಾದದ್ದು. ಈಚೆಗೆ ಮಾಲೀಕರು ಬದಲಾಗಿದ್ದಾರೆ, ವಿಚಾರಿಸಿಕೊಂಡೇ ಹೋಗಿ.

ಲ್ವಾರ್ ದಂಡೆ

ಹೊಸ ತೋಟ ಅಂದರೆ ಷೋಮೋಂ-ಸುರ್-ಲ್ವಾರ್ ಹೆಸರು ಇನ್ನೂ ಯಾರೂ ಎತ್ತಲಿಲ್ಲವಲ್ಲ! 1992ರಿಂದ ಪ್ರತಿ ವರ್ಷ ಅಂತರರಾಷ್ಟ್ರೀಯ ತೋಟಗಳ ಉತ್ಸವ. ಏಪ್ರಿಲ್ ಕೊನೆಯಿಂದ ನವೆಂಬರ್ ಶುರುವಿನವರೆಗೆ. ಒಂದು ವಿಷಯ ಕೊಡುತ್ತಾರೆ, ಜಗತ್ತಿನ ಎಲ್ಲ ಕಡೆಯಿಂದ ಅರ್ಜಿ ಬರುತ್ತದೆ, ಇಪ್ಪತ್ತೈದು ಮೂವತ್ತು ತಂಡಗಳನ್ನು ಆರಿಸುತ್ತಾರೆ. ಒಂದು ತಂಡಕ್ಕೆ ಇನ್ನೂರು ಚದರ ಮೀಟರ್ ಚಿಲ್ಲರೆ ಜಾಗ. ಒಂದರಿಂದ ಇನ್ನೊಂದು ಕಾಣದ ಹಾಗೆ ಗಿಡದ ಬೇಲಿ. ಆ ಜಾಗಗಳನ್ನು ಹಾಗೆ ಜೋಡಿಸಿದ್ದು ಬೆಲ್ಜಿಯಂನ ಝಾಕ್ ವಿರ್ಟ್ಸ್. ಉತ್ಸವ ಮುಗಿದ ಮೇಲೆ ಹೆಚ್ಚಿನವನ್ನು ಕಿತ್ತುಹಾಕುತ್ತಾರೆ. ಎಲ್ಲವೂ ಚೆನ್ನಾಗಿರುವುದಿಲ್ಲ. ಕೆಲವು ಬರಿ ಬೋರ್ಡು ಓದಿದರೆ ಮಾತ್ರ ಅರ್ಥವಾಗುವಂಥವು, ಗಿಡಕ್ಕಿಂತ ಕನ್ನಡಿ, ಹಗ್ಗವೇ ಜಾಸ್ತಿ. ಆದರೆ ನಾಲ್ಕೈದು ಮನಸ್ಸಿಗೆ ಅಂಟಿಕೊಳ್ಳುತ್ತವೆ. ರೈಲಿನಲ್ಲಿ ಓನ್ಸೇನ್‌ಗೆ ಬಂದು ನದಿಯ ಸೇತುವೆ ದಾಟಿದರೆ ಆಯಿತು. ಕೋಟೆ ಮಾತ್ರ ಗುಡ್ಡದ ಮೇಲಿದೆ, ಅಮ್ಮನನ್ನು ಟ್ಯಾಕ್ಸಿಯಲ್ಲಿ ಮೇಲಿನ ಗೇಟಿಗೇ ಕರೆದುಕೊಂಡು ಹೋಗಿ.

ಅಲ್ಲಿನ ಕುದುರೆ ಲಾಯವನ್ನೂ ನೋಡಿ. 19ನೇ ಶತಮಾನದ ಕೊನೆಗೆ ಮಾಲೀಕರಾಗಿದ್ದ ಬ್ರಾಯ್ ರಾಜಕುಮಾರ ದಂಪತಿ ಭಾರತ ಪ್ರವಾಸ ಮಾಡಿದಾಗ ಕಪುರ್ತಲದ ಮಹಾರಾಜರು ಒಂದು ಆನೆಯನ್ನು ಉಡುಗೊರೆ ಕೊಟ್ಟಿದ್ದರು. ಅದನ್ನು ಹಡಗಿನಲ್ಲಿ ತಂದು ಲ್ವಾರ್ ದಂಡೆಯಲ್ಲಿ ಸಾಕಿದರು. ಹೆಸರು ಮಿಸ್ ಪುಂಜಿ.

ನಿವೃತ್ತ ಮಾಲಿ

ಮಲ್ಲಿಗೆಯವರೇ, ತಾರೀಖು ಇನ್ನೂ ಗೊತ್ತುಮಾಡದಿದ್ದರೆ ಜೂನ್‌ನ ಮೊದಲ ವಾರಾಂತ್ಯ ಅಲ್ಲಿರುವ ಹಾಗೆ ನೋಡಿಕೊಳ್ಳಿ. 2003ರಿಂದ ಅಲ್ಲಿನ ಸಂಸ್ಕೃತಿ ಸಚಿವಾಲಯ ಆ ದಿನಗಳಲ್ಲಿ ದೇಶದಾದ್ಯಂತ ತೋಟಗಳ ಹಬ್ಬ ಮಾಡುತ್ತದೆ. ಬೇರೆ ದಿನ ತೆರೆಯದ ಖಾಸಗಿ ತೋಟಗಳೂ ತೆರೆಯುತ್ತವೆ, ಮಾಲೀಕರು, ಮಾಲಿಗಳು ತಾವೇ ನಿಂತು ತೋರಿಸುತ್ತಾರೆ. ಅದಕ್ಕಿಂತ ಒಳ್ಳೆಯ ಗೈಡ್ ಎಲ್ಲಿ ಸಿಗಬೇಕು? ಇನ್ನೊಂದು, 2004ರಿಂದ ಒಳ್ಳೆಯ ತೋಟಗ‌ಳಿಗೆ ಸರ್ಕಾರ 'ಗಮನಾರ್ಹ ತೋಟ' ಎಂಬ ಮುದ್ರೆ ಕೊಡುತ್ತದೆ. ಐದು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ನಾನೂರಕ್ಕೂ ಹೆಚ್ಚು ಇವೆ. ರಸ್ತೆಯಲ್ಲಿ ಆ ಬೋರ್ಡು ಕಂಡರೆ ಧೈರ್ಯವಾಗಿ ತಿರುಗಬಹುದು.

ದಾರಿಯಲ್ಲಿ ಅಲ್ಲಲ್ಲಿ ಕಳೆ ಕಂಡರೆ ನಿರ್ಲಕ್ಷ್ಯ ಅಂದುಕೊಳ್ಳಬೇಡಿ. 2017ರಿಂದ ಸಾರ್ವಜನಿಕ ಪಾರ್ಕುಗಳಲ್ಲಿ, 2019ರಿಂದ ಮನೆಯ ಕೈತೋಟಗಳಲ್ಲೂ ರಾಸಾಯನಿಕ ಕಳೆನಾಶಕ, ಕೀಟನಾಶಕ ಬಳಸುವ ಹಾಗಿಲ್ಲ. ಕಳೆಯನ್ನು ಕೈಯಲ್ಲಿ ಕೀಳಬೇಕು, ಇಲ್ಲವೇ ಒಪ್ಪಿಕೊಳ್ಳಬೇಕು. ಕತ್ತರಿ ಬೇಡ ಅವರ ಕ್ಲೆಮಾಂ ಈ ಅರ್ಥದಲ್ಲಿ ಗೆದ್ದಿದ್ದಾರೆ.

ಲ್ವಾರ್ ದಂಡೆ

ಊಟದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹಳ್ಳಿಯ ಹೋಟೆಲಲ್ಲಿ ಮೇಕೆ ಹಾಲಿನ ಬಿಸಿ ಚೀಸ್ ಹಾಕಿದ ಸಲಾಡ್ ಸಿಗುತ್ತದೆ. ಆದರೆ ಆರ್ಡರ್ ಮಾಡುವಾಗಲೇ "ಲಾರ್ದೋಂ ಬೇಡ" ಅಂತ ಹೇಳಬೇಕು, ಇಲ್ಲದಿದ್ದರೆ ಹಂದಿ ಮಾಂಸದ ಚೂರು ಉದುರಿಸಿ ತರುತ್ತಾರೆ. ತರಕಾರಿ ಸೂಪಿನಲ್ಲೂ ಮಾಂಸದ ಸಾರು ಇರಬಹುದು, ಕೇಳಿ. ಚೀಸ್‌ನಲ್ಲೂ ಹೆಚ್ಚಿನವಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿರುತ್ತಾರೆ. ಅದು ನಡೆಯದಿದ್ದರೆ ಅಡುಗೆಮನೆ ಇರುವ ಬಾಡಿಗೆ ಮನೆಯೇ ಸರಿ. ತೂರ್‌ನಲ್ಲಿ ಮನೆ ಹಿಡಿಯಿರಿ, ಬೆಳಗ್ಗೆ ಚಿತ್ರಾನ್ನ ಕಲಸಿಕೊಂಡು ಹೊರಡಿ. 2 ಗಂಟೆ ದಾಟಿದರೆ ಹಳ್ಳಿಯಲ್ಲಿ ಯಾವ ಅಡುಗೆಮನೆಯೂ ತೆರೆದಿರುವುದಿಲ್ಲ.

ತೂರ್‌ಗೆ ಪ್ಯಾರಿಸ್ ಮೋಂಪರ್ನಾಸ್‌ನಿಂದ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ. ಇಲ್ಲಿಂದ ಶೆನೋಂಸೋಗೆ ರೈಲಿದೆ, ನಿಲ್ದಾಣ ಕೋಟೆಯ ಬಾಗಿಲಲ್ಲೇ. ಗುಲಾಬಿಗೆ ಷೆದಿನ್ಯಿ ಹಳ್ಳಿಗೆ ಹೋಗಿ. ಊರಿಗೆ ಊರೇ ಆ ಸರ್ಕಾರಿ ಮುದ್ರೆ ಪಡೆದಿದೆ. ಮನೆ ಗೋಡೆಗಳ ಬುಡದಲ್ಲೆಲ್ಲ ಗುಲಾಬಿ, ಬೀದಿಯೇ ತೋಟ. ಅಲ್ಲಿಗೆ ಬಸ್ ನಂಬಬೇಡಿ, ಕಾರು ಬೇಕು.

ಜಯನಗರದ ಮಲ್ಲಿಗೆ

ಎಲ್ಲರಿಗೂ ಥ್ಯಾಂಕ್ಸ್. ದಿನಕ್ಕೆ ಮೂರು ತೋಟದ ಟೂರ್ ಕೈಬಿಟ್ಟೆವು. ತೂರ್‌ನಲ್ಲಿ ಮನೆ, ವಿಲಾಂದ್ರಿ, ಷೋಮೋಂ, ಷೆದಿನ್ಯಿ. ಆಮೇಲೆ ರೂಆಂನಲ್ಲಿ ಉಳಿದು ಝಾರ್ದಾಂ ಪ್ಲೂಮ್ ಮತ್ತು ಗೈಡ್ ಜೊತೆ ವಾಸ್ತರಿವಾಲ್. ಜಿವೆರ್ನಿ ಪ್ಯಾರಿಸ್‌ಗೆ ವಾಪಸ್ ಹೋಗುವಾಗ. ಜೂನ್ ಮೊದಲ ವಾರಾಂತ್ಯಕ್ಕೆ ನಾರ್ಮಂಡಿಯಲ್ಲಿರುವ ಹಾಗೆ ತಾರೀಖು ಹೊಂದಿಸುತ್ತೇನೆ. ವೀಸಾಗೆ ಯಾವಾಗ ಹಾಕಬೇಕು?

ಲ್ವಾರ್ ದಂಡೆ

ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದಲೇ ಹಾಕಬಹುದು. ಬೇಸಿಗೆ ರಜೆಯ ಗಲಾಟೆಗೆ ಮೊದಲೇ, ಫೆಬ್ರವರಿಯಲ್ಲೇ ಮುಗಿಸಿ. 30,000 ಯೂರೋ ರಕ್ಷಣೆಯ ವಿಮೆ ಕಡ್ಡಾಯ. ವಾಸ್ತರಿವಾಲ್‌ಗೆ ಈಗಲೇ ಇಮೇಲ್ ಬರೆಯಿರಿ, ಇಂಗ್ಲಿಷ್‌ನಲ್ಲಿ ತೋರಿಸುವವರು ಯಾವ ದಿನ ಇರುತ್ತಾರೆ ಅಂತ ಕೇಳಿಕೊಂಡು ಆಮೇಲೆ ರೈಲು ಟಿಕೆಟ್ ತೆಗೆಯಿರಿ.

ಕತ್ತರಿ ಬೇಡ

ವಾಲ್ವಾರ್ ಬಿಟ್ಟುಬಿಟ್ಟಿರಿ. ರೂಆಂನಿಂದ ಕಾರಲ್ಲಿ ಅಷ್ಟೇನೂ ದೂರವಿಲ್ಲ, ಒಂದು ದಿನ ಕೈಯಲ್ಲಿಟ್ಟುಕೊಳ್ಳಿ.